ವಾಲ್ವಿನ ಹಿಡಿ

"ಕೈ ಮೂಸು. ಎಲ್ಲರ ಮುಂದೆ ಮೂಸೋ, ಸೂಳೆಮಗನೆ! ಎಂಥಾ ವಾಸನೆ ಬರ್ತದೆ ಅಂತ ನೀನೇ ಹೇಳು."

ಲಾಂಚಿನ ಡೆಕ್ಕಿನ ಮೇಲೆ ಗ್ಲಾಸು ಹಿಡಿದು ಕೂತಿದ್ದ ಅತಿಥಿಗಳೆಲ್ಲ ಇತ್ತ ತಿರುಗಿದರು. ಅವನು ಕೈ ಮೂಸಲಿಲ್ಲ, ಕೆಳಗೂ ಬಿಡಲಿಲ್ಲ. ಯಜಮಾನ ಎತ್ತಿ ಹಿಡಿದಲ್ಲೇ ಕೈ ನಿಂತಿತ್ತು, ಬೇರೆ ಯಾರದೋ ಕೈಯ ಹಾಗೆ.

"ಇವನನ್ನ ಇಟ್ಕೊಂಡಿರೋದೇ ಅದನ್ನ ಬಾಚೋಕೆ," ಯಜಮಾನ ಅತಿಥಿಗಳತ್ತ ನಕ್ಕ. "ಅದೂ ನೆಟ್ಟಗೆ ಬರಲ್ಲ. ನೋಡಿ, ಅಮ್ಮಾವ್ರ ಚಪ್ಪಲಿ ನೆನೆದುಹೋಯ್ತು. ಒರೆಸೋ ಇಲಿ. ಏ, ಆ ಬಟ್ಟೇಲಿ ಬೇಡ, ನಿನ್ನ ಅಂಗೀಲಿ ಒರೆಸು."

ಕಕ್ಕಸಿನ ಬಾಗಿಲಲ್ಲಿ ನಿಂತಿದ್ದ ಹೆಂಗಸು "ಅಯ್ಯೋ, ಇರ್ಲಿ ಬಿಡಿ" ಅನ್ನುತ್ತಲೇ ಕಾಲು ಮುಂದೆ ಚಾಚಿದಳು. ಅವನು ಅಂಗಿ ಬಿಚ್ಚಿ ಒರೆಸಿದ. ಯಾರೋ ಐಸು ಕೇಳಿದರು.

ಹಲಗೆಯಡಿ ನುಸುಳುವ ಕೆಲಸದವನೆಂದು ಲಾಂಚಿನಲ್ಲಿ ಎಲ್ಲರಿಗೂ ಅವನು ಇಲಿ. ಚುಕ್ಕಾಣಿ ಹಿಡಿಯುವ ಸ್ವಂತ ಸೋದರಮಾವನಿಗೂ. ಆ ಕಕ್ಕಸಿನ ಪಕ್ಕ ಒಂದು ಕೈಪಂಪು, ಅದಕ್ಕೊಂದು ಸಣ್ಣ ಕೀಲು. ಕೀಲು ಈಚೆಗಿದ್ದರೆ ಹೊಳೆಯ ನೀರು ಒಳಗೆ ಬರುತ್ತದೆ, ಆಚೆಗೆ ತಳ್ಳಿದರೆ ನಿಲ್ಲುತ್ತದೆ. ಎದ್ದು ಬರುವಾಗ ತಳ್ಳಿ ಬನ್ನಿ ಅಂತ ಅವನು ಹೇಳುವ ಹಾಗಿಲ್ಲ. ಅತಿಥಿಗಳೊಡನೆ ಬಾಯಿ ಬಿಡಕೂಡದೆಂದು ಕಟ್ಟಪ್ಪಣೆ. ಅವರು ತಳ್ಳುವುದಿಲ್ಲ, ಹೊಳೆ ನುಗ್ಗುತ್ತದೆ, ಕಕ್ಕಸು ತುಂಬಿ ಚೆಲ್ಲುತ್ತದೆ, ಬೈಗುಳ ಅವನ ಪಾಲಿಗೆ.

ಹಲಗೆ ಎತ್ತಿ ಲಾಂಚಿನ ಹೊಟ್ಟೆಗಿಳಿದ. ಅಲ್ಲಿ ಕೂರಲೂ ಜಾಗವಿಲ್ಲ, ಬೋರಲು ಮಲಗಬೇಕು. ಮೇಲಿಂದ ಸೋರಿದ್ದು, ಎಂಜಿನ್ನಿನ ಎಣ್ಣೆ, ಎಲ್ಲ ಕಲೆತ ಕಪ್ಪು ನೀರು ಮೊಣಕೈವರೆಗೆ ಬಂದಿತ್ತು. ಅದನ್ನೆತ್ತಿ ಹೊರಹಾಕುವ ಪಂಪು ಒಣಕೆಮ್ಮು ಕೆಮ್ಮುತ್ತಿತ್ತೇ ಹೊರತು ಒಂದು ತೊಟ್ಟೂ ಎತ್ತುತ್ತಿರಲಿಲ್ಲ. ಸ್ವಿಚ್ಚು ಆರಿಸಿ ಜಾಲರಿಗೆ ಬೆರಳು ತೂರಿಸಿದ. ಕೂದಲು, ಕಾಗದ, ಅತಿಥಿಗಳು ಬಾಯೊರೆಸಿ ಬಿಸಾಡಿದ ಬಟ್ಟೆ. ಕಿತ್ತೆಳೆದ. ಮತ್ತೆ ಸ್ವಿಚ್ಚು ಹಾಕಿದಾಗ ಪಂಪು ಒಮ್ಮೆ ಬಿಕ್ಕಳಿಸಿ ನೀರು ಕುಡಿಯತೊಡಗಿತು.

ಚುಕ್ಕಾಣಿಯ ಬದಿಯ ಕಿಂಡಿಯಿಂದ ಮಾವನ ದನಿ ಬಂತು. "ಇಲಿ, ಬದುಕಿದ್ದೀಯೇನೋ?"

"ಹೂಂ."

"ಬೈಗುಳ ಮೈಗಂಟಲ್ಲ ಕಣೋ. ನನಗೂ ಬೇಕಾದಷ್ಟು ಬೈದಿದ್ದಾನೆ. ನೋಡು, ಎಲ್ಲಾದ್ರೂ ಕಲೆ ಇದೆಯಾ?"

"ನಿನಗೆ ಕೈ ಮೂಸು ಅಂದಿಲ್ವಲ್ಲ ಮಾವ."

ಮಾವ ಮಾತು ಬದಲಿಸಿದ. "ಟ್ಯಾಂಕು ತುಂಬಿದೆಯಂತೆ. ತಿರುವಿನಲ್ಲಿ ನಿಧಾನ ಮಾಡ್ತೀನಿ, ಬಿಟ್ಬಿಡು."

"ಇಷ್ಟು ಬೆಳಕಲ್ಲಾ? ಹೆಂಗಸರು ಇರ್ತಾರೆ ಅಲ್ಲಿ."

"ಅವನು ಹೇಳಿದ, ನಾನು ಹೇಳ್ದೆ. ನನ್ನ ತಲೆ ತಿನ್ಬೇಡ."

ಕಕ್ಕಸಿನ ಟ್ಯಾಂಕಿನ ಹೊಲಸನ್ನು ದಡದಲ್ಲಿ ಹೀರುವ ಗಾಡಿಗೆ ಕೊಡಬೇಕು. ಯಜಮಾನ ಅದನ್ನು ದಿನವೂ ಈ ತಿರುವಿನ ಜೊಂಡಿನ ಹಿಂದೆ ಹೊಳೆಗೇ ಬಿಡಿಸುತ್ತಿದ್ದ, ಕತ್ತಲಾದ ಮೇಲೆ, ಅತಿಥಿಗಳು ಇಳಿದ ಮೇಲೆ. ಜೊಂಡಿನ ಆಚೆಗೆ ಅವನ, ಮಾವನ ಕೇರಿ. ಕೇರಿಯ ಕುಡಿಯುವ ನೀರು, ಮೀಯುವ ನೀರು ಎಲ್ಲ ಅಲ್ಲೇ. ಟ್ಯಾಂಕಿನ ತಳದ ವಾಲ್ವಿನ ಹಿಡಿ ತಿರುಗಿಸಿ ಅದನ್ನು ಹೊಳೆಗೆ ಬಿಡುತ್ತಿದ್ದವನು ಅವನೇ.

ಬೆಳಿಗ್ಗೆ ತಂಗಿ ಮಗುವಿನ ಬಟ್ಟೆ ಹಿಂಡುತ್ತ ಕೇಳಿದ್ದಳು, "ಅಣ್ಣಾ, ಇದಕ್ಕೆ ಭೇದಿ ನಿಲ್ತಾನೇ ಇಲ್ಲ. ನಿಮ್ಮ ಲಾಂಚು ಹೋದ್ಮೇಲೆ ನೀರು ಯಾಕೆ ಹಂಗೆ ನಾರುತ್ತೆ?"

"ಎಂಜಿನ್ನು ಕೆಸರು ಕೆದಕುತ್ತಲ್ಲ, ಅದಕ್ಕೆ," ಅಂದಿದ್ದ.

ತಂಗಿ ನಂಬಿದ್ದಳು. ಅಣ್ಣ ಹೇಳಿದ್ದನ್ನೆಲ್ಲ ನಂಬುವವಳು ಅವಳು.

ಎಂಜಿನ್ನಿನ ಸದ್ದು ಇಳಿಯಿತು. ಪಕ್ಕದ ಗೋಡೆಯಲ್ಲಿ ಹೊಳೆಯ ನೀರಿಗಿಂತ ತುಸು ಮೇಲಿದ್ದ ದುಂಡು ಗಾಜಿನಾಚೆ ಜೊಂಡು ಸರಿಯಿತು, ಬಟ್ಟೆ ಒಗೆಯುವ ಬಂಡೆ ಬಂತು, ಆಮೇಲೆ ತಂಗಿ. ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ಅದ್ದುತ್ತಿದ್ದಳು. ಹೆಗಲ ಮೇಲೆ ಮಗುವಿನ ಕತ್ತು ಬಾಡಿ ಜೋತಿತ್ತು.

"ಏ ಇಲಿ, ತಿರುಗಿಸೋ!" ಯಜಮಾನ ಮೂಗು ಮುಚ್ಚಿಕೊಂಡೇ ಹಲಗೆಯ ಕಂಡಿಯಿಂದ ಬಗ್ಗಿದ. "ಮೇಲೆ ಅಮ್ಮಾವ್ರು ಒಳಗೆ ಹೋಗೋಕೆ ಕಾಯ್ತಿದ್ದಾರೆ."

"ಅಲ್ಲಿ ನನ್ನ ತಂಗಿ ಇದ್ದಾಳೆ, ಯಜಮಾನ್ರೇ."

"ಇದ್ರೆ? ನಿಮ್ಮೋರಿಗೆ ಅದೇನು ಹೊಸದಾ? ಅದರಲ್ಲೇ ಹುಟ್ಟಿ ಅದರಲ್ಲೇ ಬೆಳೆದೋರು. ತಿರುಗಿಸ್ತೀಯೋ, ಇಲ್ಲಾ ನಾಳೆಯಿಂದ ನಿಮ್ಮಾವನೂ ಮನೇಲಿ ಕೂರ್ತಾನೋ?"

ಅವನು ಹಿಡಿಗೆ ಕೈ ಹಾಕಿದ. ಕೆಂಪು ಬಣ್ಣ ಬಳಿದ ಕಬ್ಬಿಣ. ಅವನ ಅಂಗೈ ತಾಗಿ ತಾಗಿ ಅಷ್ಟು ಜಾಗದಲ್ಲಿ ಬಣ್ಣ ಸವೆದಿತ್ತು. ಯಜಮಾನನ ತಲೆ ಮರೆಯಾಯಿತು. ಅವನು ಹಿಡಿ ತಿರುಗಿಸದೆ, ಅದನ್ನು ವಾಲ್ವಿಗೆ ಸಿಕ್ಕಿಸಿದ್ದ ಪಿನ್ನು ಎಳೆದ. ಹಿಡಿ ಕಳಚಿ ಕೈಗೆ ಬಂತು.

ಹಿಡಿ ಇಲ್ಲದಿದ್ದರೂ ಇಕ್ಕಳ ಹಾಕಿ ಆ ವಾಲ್ವು ತಿರುಗಿಸಬಹುದಿತ್ತು. ಆದರೆ ಅದಕ್ಕೆ ಯಾರಾದರೂ ಆ ನೀರಲ್ಲಿ ಬೋರಲು ಮಲಗಬೇಕು.

ಮೇಲೆ ಬಂದ. ಸೊಂಟಕ್ಕೆ ಸಿಕ್ಕಿಸಿದ ಹಿಡಿಯನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಅವನ ಬರಿಮೈಯಿಂದ ತೊಟ್ಟಿಕ್ಕುವ ಕಪ್ಪು ನೀರನ್ನು. ಕುರ್ಚಿಗಳ ನಡುವೆ ಅವನು ನಡೆದಂತೆ ಚಪ್ಪಲಿಗಳು ಒಂದೊಂದಾಗಿ ಒಳಗೆ ಸರಿದವು.

"ಆಯ್ತು, ಹೋಗಿ ಅಮ್ಮಾವ್ರೇ," ಅಂದ ಯಜಮಾನ.

ಅವನು ಕಂಬಿ ದಾಟಿ ಹೊಳೆಗೆ ಧುಮುಕಿದ. ನೀರು ಎದೆಮಟ್ಟಕ್ಕಿತ್ತು. ದಡದ ಕಡೆ ನಡೆದ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಂಗಸಿನ ಕಿರುಚಾಟ ಕೇಳಿತು. ಕಕ್ಕಸು ಉಕ್ಕಿತ್ತು. ಈ ಸಲ ಉಕ್ಕಿದ್ದು ಹೊಳೆಯ ನೀರಲ್ಲ.

"ಲೇ! ಹ್ಯಾಂಡಲ್ಲು ಎಲ್ಲೋ? ಕೊಟ್ಟು ಸಾಯೋ ಬೋಳಿಮಗನೆ!" ಹಲಗೆಯ ಕಂಡಿಯೊಳಗೆ ಇಣುಕಿ ಬಂದ ಯಜಮಾನ ಕಂಬಿಗೆ ಜೋತುಬಿದ್ದು ಅರಚಿದ. ಆಮೇಲೆ ಮಾವನತ್ತ ತಿರುಗಿ, "ನಡೆಸೋ ಲಾಂಚು!" ಅಂದ. ಮಾವ ಚುಕ್ಕಾಣಿಯ ಚಕ್ರದಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ.

"ದಿನಾ ಟ್ಯಾಂಕು ಬಿಡ್ತಿದ್ದೋನು ನೀನೇ ಅಲ್ವೇನೋ? ಇದೇ ನೀರಿಗೆ, ಇದೇ ಜಾಗದಲ್ಲಿ! ಇವತ್ತೇನು ಬಂತೋ ನಿಂಗೆ ರೋಗ?" ಯಜಮಾನ ಮತ್ತೆ ಹೊಳೆಯತ್ತ ಕೂಗಿದ.

ನೀರಿನ ಮೇಲೆ ಮಾತು ಬಲು ದೂರ ಹೋಗುತ್ತದೆ. ಬಂಡೆಯ ಮೇಲೆ ಬಟ್ಟೆ ಬಡಿಯುತ್ತಿದ್ದ ಕೈಗಳು ಅರ್ಧಕ್ಕೆ ನಿಂತವು. ತಂಗಿ ತನ್ನ ಸೊಂಟದ ಕೊಡ ನೋಡಿದಳು, ಅವನ ಸೊಂಟದ ಕಬ್ಬಿಣ ನೋಡಿದಳು. ಮಗುವನ್ನು ಬಿಗಿಯಾಗಿ ಅವುಚಿಕೊಂಡಳು.

"ಅಣ್ಣಾ? ಅವನು ಹೇಳ್ತಿರೋದು ನಿಜವೇನೋ?"

ಅವನು ಅವಳ ಸೊಂಟದಿಂದ ಕೊಡ ಕಿತ್ತುಕೊಂಡು ಬೋರಲು ಮಾಡಿದ. ಗಳಗಳನೆ ನೀರು ಹೊಳೆಗೇ ಸುರಿಯಿತು. ಬರಿದಾದ ಕೊಡವನ್ನು ಬಂಡೆಯ ಮೇಲಿಟ್ಟ.

ಹೆಂಗಸರು ಸರಿದು ದಾರಿ ಬಿಟ್ಟರು. ಯಾರೂ ಅವನನ್ನು ಮುಟ್ಟಲಿಲ್ಲ.

ಹೊಳೆಯ ಕಡೆಯಿಂದ ಯಜಮಾನ ಕೂಗುತ್ತಿದ್ದ, ಬಂಡೆಯ ಹತ್ತಿರದಿಂದ ತಂಗಿ. ಸೊಂಟದ ಕಬ್ಬಿಣ ಎಲುಬಿಗೆ ಬಡಿಯುತ್ತಿತ್ತು. ಅವನು ದಡ ಹತ್ತಿ ನಡೆದ.