ತೇಜಶ್ರೀ ಬಿಟ್ಟುಬಂದ ಸರ್ಜರಿ ಸೀಟು

ಮೊಳಕಾಲ್ಮೂರಿನ ನೇಕಾರರ ಕೇರಿಯ ಹೆಂಗಸರು ಕೆಮ್ಮು, ಜ್ವರವನ್ನು ಯಾವ ಡಾಕ್ಟರಿಗಾದರೂ ತೋರಿಸುತ್ತಾರೆ. ಎದೆಯಲ್ಲಿ ಗಂಟು ಸಿಕ್ಕರೆ ಮಾತ್ರ ಸೆರಗು ಹೊದ್ದು ಸುಮ್ಮನಾಗುತ್ತಾರೆ. ಅದೇ ಕೇರಿಯ ನಾಗರತ್ನಳ ಅಕ್ಕ ಚಿನ್ನಕ್ಕ ಒಂದೂವರೆ ವರ್ಷ ಸುಮ್ಮನಿದ್ದಳು. ಆಶಾ ಕಾರ್ಯಕರ್ತೆ ಜುಂಜಮ್ಮ ಅವಳನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಗಂಟು ಕಂಕುಳಿಗೂ ಹಬ್ಬಿತ್ತು.

"ನನಗಾದ್ರೂ ಹೇಳಬಾರ್ದಿತ್ತೇನಕ್ಕ?" ಎಂದಳು ನಾಗರತ್ನ.

"ಗಂಡು ಡಾಕ್ಟ್ರ ಮುಂದೆ ರವಿಕೆ ಬಿಚ್ಚೋಕೆ ನಾಚ್ಕೆ ಕಣೆ. ನಿನ್ ಸೊಸೆ ಸರ್ಜರಿ ಓದು ಮುಗ್ಸಿ ಬರ್ಲಿ, ಅವಳಿಗೇ ತೋರ್ಸಾಣ ಅಂತಿದ್ದೆ."

ನಾಗರತ್ನಳ ಸೊಸೆ ತೇಜಶ್ರೀ ಆ ಓದನ್ನು ಅರ್ಧಕ್ಕೇ ಬಿಟ್ಟು ಒಂದು ವರ್ಷವಾಗಿತ್ತು. ಈಗ ಚಳ್ಳಕೆರೆಯ ಸಣ್ಣ ಕ್ಲಿನಿಕ್ಕಿನಲ್ಲಿ ಡಾಕ್ಟರಾಗಿದ್ದಳು. ಮರ್ಯಾದೆಗೆ ಅಂಜಿ, "ಇನ್ನೂ ಓದ್ತಾಳೆ" ಎಂದು ನೆಂಟರಿಗೆಲ್ಲ ಹೇಳುತ್ತಾ ಬಂದವಳು ನಾಗರತ್ನಳೇ.

ಹೊರಗೆ ಬಂದು ಜುಂಜಮ್ಮನಿಗೆ ನಿಜ ಹೇಳಿದಳು. "ಹೆಣ್ಮಕ್ಕಳಿಗೆ ಆಗೋ ಕೆಲ್ಸವಲ್ಲ ಅದು. ಕೈಲಾಗ್ಲಿಲ್ಲ, ಬಿಟ್ಲು."

"ಕೈಲಾಗ್ಲಿಲ್ಲ ಅಂತ ಅವಳೇ ಅಂದ್ಲಾ? ನೀವು ಕೇಳಿದ್ರೇನಕ್ಕ?"

ಕೇಳಿರಲಿಲ್ಲ. ಮರುದಿನ ಚಳ್ಳಕೆರೆಗೆ ಹೋಗಿ ಕೇಳಿದಳು. ತೇಜಶ್ರೀ ಮೊದಲು ಅತ್ತೆಗೆ ನೀರು ಕೊಟ್ಟು, ಫ್ಯಾನು ಅವಳ ಕಡೆ ತಿರುಗಿಸಿದಳು.

"ಕೆಲ್ಸ ಚೆನ್ನಾಗೇ ಬರ್ತಿತ್ತು ಅತ್ತೆ. ಬಸುರಿ ಅಂತ ಗೊತ್ತಾದ ಮೇಲೆ ಹಿರಿಯ ಡಾಕ್ಟ್ರು ಗಂಡುಹುಡುಗ್ರನ್ನ ಆಪರೇಷನ್‌ಗೆ ನಿಲ್ಲಿಸ್ಕೊಂಡು, ನನ್ ಕೈಗೆ ಬರೆಯೋಕೆ ಕೇಸ್‌ಶೀಟ್ ಕೊಡೋರು. 'ಅಡುಗೆಮನೇಲೂ ಚಾಕು ಐತಲ್ಲಮ್ಮ' ಅಂತ ಎಲ್ಲರೆದುರು ನಗೋರು. ಹೆರಿಗೆ ಆದ್ಮೇಲೆ ಮಗೀಗೆ ಎದೆಹಾಲು ಹಿಂಡಿಡೋಕೂ ಜಾಗ ಇರ್ಲಿಲ್ಲ. ಅದನ್ನೂ ತಡ್ಕೊಂಡೆ. ಮನೇಲಿ ಒಬ್ರಾದ್ರೂ 'ಮುಗ್ಸಮ್ಮ' ಅಂದಿದ್ರೆ..."

"ಎಂಬಿಬಿಎಸ್ ಸಾಕು, ಮಗೀನ ನೋಡ್ಕೊ" ಎಂದು ದಿನವೂ ಫೋನಿನಲ್ಲಿ ಹೇಳಿದ್ದು ನಾಗರತ್ನಳಿಗೆ ನೆನಪಾಯಿತು.

"ಅರ್ಧ ನೇಯ್ದ ಸೀರೇನ ಯಾರೂ ಮಗ್ಗದಿಂದ ಕೊಯ್ಯಲ್ಲ. ನಾನು ಕೊಯ್ದೆ," ಎಂದಳು. "ಈಗ ಹೋದ್ರೆ ಸೇರಿಸ್ಕೊಂತಾರಾ?"

"ಆ ಸೀಟು ಹೋಯ್ತು ಅತ್ತೆ. ಮತ್ತೆ ಪರೀಕ್ಷೆ ಬರೀಬೇಕು."

"ಬರಿ. ಎಲ್ಲಿ ಸಿಕ್ಕಿದ್ರೂ ಮಗೀನ ಎತ್ಕೊಂಡು ನಾನೂ ಬರ್ತೀನಿ. ಯಾರಾದ್ರೂ ಹಂಗೆ ನಕ್ರೆ ದೂರು ಬರಿ, ನಿನ್ ಪಕ್ಕ ನಾನು ನಿಂತಿರ್ತೀನಿ."

ತೇಜಶ್ರೀ ಅಂದು ಸಂಜೆಯೇ ಮೊಳಕಾಲ್ಮೂರಿಗೆ ಬಂದು ಚಿನ್ನಕ್ಕನ ರಿಪೋರ್ಟುಗಳನ್ನು ಓದಿದಳು. ಬೇಗ ತೋರಿಸಿದ್ದರೆ ಚಿಕಿತ್ಸೆ ಇಷ್ಟು ಕಠಿಣವಾಗುತ್ತಿರಲಿಲ್ಲ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸೊಸೆ ಓದು ಬಿಟ್ಟದ್ದನ್ನು ನಾಗರತ್ನ ಒಪ್ಪಿಕೊಂಡಾಗ, ಚಿನ್ನಕ್ಕ ತೇಜಶ್ರೀಯ ಕೈ ಸವರಿ, "ನೀನು ಓದು ತಾಯಿ. ಕೇರಿಯಾಗೆ ನನ್ನಂಗೆ ನಾಚೋರು ಇನ್ನೂ ಅದಾರೆ," ಎಂದಳು.

ಅಕ್ಕತಂಗಿಯರೇ, ಗಂಟು ಸಿಕ್ಕರೆ ಯಾರಿಗೂ ಕಾಯಬೇಡಿ. ಡಾಕ್ಟರು ಗಂಡಾದರೂ ಸರಿ, ಇವತ್ತೇ ತೋರಿಸಿ. ನಿಮ್ಮ ಮನೆಯ ಮಗಳೋ ಸೊಸೆಯೋ ದೊಡ್ಡ ಡಾಕ್ಟರಾಗಲು ಕಲಿಯುತ್ತಿದ್ದರೆ, "ಸಾಕು, ಬಾ" ಎನ್ನುವ ಮೊದಲು "ಅಲ್ಲಿ ನಿನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೆ?" ಎಂದು ಕೇಳಿ. ಕಲಿಸುವ ಹಿರಿಯರೇ, ಬಸುರಿಯ ಕೈಯಿಂದ ಕೆಲಸ ಕಸಿಯಬೇಡಿ. ಅವಳು ಅರ್ಧಕ್ಕೇ ಬಿಟ್ಟರೆ, ನಮ್ಮೂರಲ್ಲಿ ಅವಳಿಗಾಗಿ ಕಾಯುತ್ತಿರುವವರು ಕಾಯುತ್ತಲೇ ಉಳಿಯುತ್ತಾರೆ.