ಮನೆ ಅಂದರೆ ಟೊಕೊಮಾರು

ಮೆರೆಯಾನಾ ಪತ್ರವನ್ನು ಎರಡು ಸಲ ಓದಿದಳು. ಹಾಲಿನಪುಡಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಕಳೆದವಳು. ಯಾವ ಅಂಕಿಯನ್ನೂ ಒಂದೇ ನೋಟಕ್ಕೆ ನಂಬುವವಳಲ್ಲ. ಮಕ್ಕಳಿರುವ ಕುಟುಂಬಗಳಿಗೆ ತೆರಿಗೆ ಕಚೇರಿ ವಾರವಾರ ಕೊಡುವ ಹಣ ಹೋದ ವರ್ಷ ಅವಳಿಗೆ ಹೆಚ್ಚಾಗಿ ಸಂದಾಯವಾಗಿದೆಯಂತೆ. 4,880 ಡಾಲರ್ ವಾಪಸು ಕೊಡಬೇಕಂತೆ. ಕಾರಣ ಒಂದೇ ಸಾಲು: ‘ನಲವತ್ತು ವಾರ ಮಗು ನಿಮ್ಮ ಆರೈಕೆಯಲ್ಲಿ ಇರಲಿಲ್ಲ.’

ಆ ಮಗು ಎದುರಿಗೇ ಕೂತು ಟೋಸ್ಟಿಗೆ ಬೆಣ್ಣೆ ಸವರುತ್ತಿತ್ತು. ಕಾಹು, ಮಗನ ಮಗಳು, ಒಂಬತ್ತು ವರ್ಷ. ಮೊದಲ ಮೊಮ್ಮಗುವನ್ನು ಅಜ್ಜಿ ಸಾಕುವುದು ಮಾವೋರಿಗಳಲ್ಲಿ ಹಳೆಯ ವಾಡಿಕೆ. ಮೂರು ತಿಂಗಳ ಕೂಸಾಗಿದ್ದಾಗ ಮಡಿಲಿಗೆ ಬಂದವಳು ಅಲ್ಲಿಂದ ಈಚೆಗೆ ಬೇರೆಲ್ಲೂ ಬೆಳೆದದ್ದಿಲ್ಲ.

“ಏನು ನ್ಯಾನ್, ಮುಖ ಹಾಗೆ ಮಾಡ್ಕೊಂಡೆ?” ಎಂದಳು ಕಾಹು. ಅಜ್ಜಿಯನ್ನು ಅವಳು ಕರೆಯುವುದು ಹಾಗೆ.

“ನೀನು ನಲವತ್ತು ವಾರ ಇಲ್ಲಿ ಇರಲೇ ಇಲ್ವಂತೆ.”

“ಹಾಗಾದ್ರೆ ನಲವತ್ತು ವಾರ ಪಾತ್ರೆ ತೊಳೆದೋರು ಯಾರು?”

“ನೀನಂತೂ ಅಲ್ಲ ಬಿಡು.”

ದುಡ್ಡು ಹೋದರೆ ದುಡಿಯಬಹುದು. ಆದರೆ ಆ ಒಂದು ಸಾಲು ಕಡತದಲ್ಲಿ ಉಳಿಯಬಾರದು ಅಂದುಕೊಂಡಳು ಮೆರೆಯಾನಾ. ಕ್ಯಾಲೆಂಡರ್ ತೆಗೆದು ಎಣಿಸಿದಳು. ಶಾಲೆ ನಡೆದ ವಾರಗಳೂ ಸರಿಯಾಗಿ ನಲವತ್ತೇ. ಇದು ಯಾರದೋ ಚಾಡಿಯಲ್ಲ, ಯಾವುದೋ ಮಾತಿನ ಎಡವಟ್ಟು ಎಂದು ಅವಳಿಗೆ ಆಗಲೇ ಗೊತ್ತಾಯಿತು.

ಗುರುವಾರ ರಜೆ ಹಾಕಿ, ತಾವಿರುವ ಹ್ಯಾಮಿಲ್ಟನ್ ಊರಿನ ತೆರಿಗೆ ಕಚೇರಿಗೆ ಹೋದಳು. ಶಾಲೆಯ ಹಾಜರಿ ಪಟ್ಟಿ, ಹಲ್ಲಿನ ಡಾಕ್ಟರ ಚೀಟಿಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದಳು. ಗುಮಾಸ್ತ ಗ್ಯಾರೆತ್ ಅವನ್ನು ನೋಡಿ ತಲೆ ಕೆರೆದುಕೊಂಡ.

“ಆದ್ರೆ ಮಾರ್ಚಲ್ಲಿ ನೀವೇ ಫೋನಲ್ಲಿ ಹೇಳಿದ್ದೀರಲ್ಲ, ಮಗು ಮನೇಲಿ ಇರಲ್ಲ ಅಂತ.”

“ನಾನಾ? ರೆಕಾರ್ಡ್ ಇದ್ರೆ ಹಾಕಪ್ಪ, ಇಬ್ಬರೂ ಕೇಳೋಣ.”

ಅವನು ಹಾಕಿದ. ಮೊದಲು ಕಚೇರಿಯ ಯಾರೋ ಹುಡುಗಿಯ ದನಿ: “ಶಾಲೆ ಇರುವಾಗ ಮಗು ಮನೇಲೇ ಇರ್ತಾಳಾ?” ಆಮೇಲೆ ಮೆರೆಯಾನಾಳದೇ ದನಿ: “ಇಲ್ಲಮ್ಮ, ಶಾಲೆ ಬಿಟ್ಟು ಮನೆಗೆ ಹೇಗೆ ಹೋಗ್ತಾಳೆ? ರಜೆ ಬಂದ್ರೆ ಹೋಗ್ತಾಳೆ, ಯಾರಾದ್ರೂ ತೀರಿಕೊಂಡ್ರೆ ಹೋಗ್ತಾಳೆ.” “ಮನೆ ಎಲ್ಲಿ?” “ಟೊಕೊಮಾರು.”

ಮೆರೆಯಾನಾ ನಗಲಿಲ್ಲ, ಆದರೆ ಹೆಗಲು ಕುಲುಕಿದವು. “ಅವಳು ಕೇಳಿದ್ದು ಸರಿ, ನಾನು ಹೇಳಿದ್ದೂ ಸರಿ. ಮನೆ ಅಂದ್ರೆ ನಮ್ಮ ಹಿರಿಯರನ್ನ ಮಣ್ಣು ಮಾಡಿರೋ ಜಾಗ. ಅದು ಟೊಕೊಮಾರು, ಕಡಲ ತೀರದಲ್ಲಿ, ಇಡೀ ದಿನದ ಹಾದಿ. ಹುಡುಗಿ ಮಲಗೋದು, ಉಣ್ಣೋದು, ನನ್ನ ಹತ್ರ ಬೈಸ್ಕೊಳ್ಳೋದು ಇಲ್ಲಿ.”

“ನಂಗೆ ಮನೆ ಅಂದ್ರೆ ನಾನು ಮಲಗೋ ಜಾಗ ಅಷ್ಟೇ,” ಎಂದ ಗ್ಯಾರೆತ್.

“ಪಾಪ,” ಎಂದಳು ಮೆರೆಯಾನಾ.

ಅವನು ಹಾಜರಿ ಪಟ್ಟಿಯನ್ನು ಸ್ಕ್ಯಾನ್ ಮಾಡಿಕೊಂಡು ಕೀಲಿಮಣೆಯತ್ತ ತಿರುಗಿದ. “ಆ ನಲವತ್ತು ವಾರ ತೆಗೆಸ್ತೀನಿ. ಇನ್ನೇನಾದ್ರೂ ಇದೆಯಾ?”

ಇತ್ತು. ಯಾರೂ ಕೇಳಿರಲಿಲ್ಲ; ಆದರೆ ಒಂದು ತಪ್ಪು ತಿದ್ದಿಸಲು ಬಂದವಳು ಇನ್ನೊಂದನ್ನು ಬಚ್ಚಿಟ್ಟುಕೊಂಡು ಎದ್ದು ಹೋಗುವುದು ಅವಳ ಕೈಲಾಗದು. “ಅಕ್ಟೋಬರಲ್ಲಿ ಹಾಲು ಜಾಸ್ತಿ ಬರುತ್ತೆ. ಓವರ್‌ಟೈಮ್ ಮಾಡಿದ್ದೆ, ನಿಮಗೆ ತಿಳಿಸೋದು ಮರೆತೆ. ಸಂಬಳದ ಚೀಟಿ ಇಲ್ಲಿದೆ. ಸಂಬಳ ಹೆಚ್ಚಾದ್ರೆ ನೀವು ಕೊಡೋದು ಕಡಿಮೆ ಆಗ್ಬೇಕಲ್ಲ, ಹೆಚ್ಚಿಗೆ ಬಂದದ್ದು ಎಷ್ಟೋ ನೋಡು.”

ಗ್ಯಾರೆತ್ ಅವಳನ್ನೊಮ್ಮೆ ನೋಡಿ ಲೆಕ್ಕ ಹಾಕಿದ. ನಾನೂರ ಹನ್ನೆರಡು ಡಾಲರ್.

“ಹದಿನೈದು ದಿನಕ್ಕೆ ಇಪ್ಪತ್ತರಂತೆ ಹಿಡ್ಕೊಳ್ಳಿ. ಅದು ನಿಮ್ಮದೇ.”

ಮೂರು ವಾರಕ್ಕೆ ಹೊಸ ಪತ್ರ ಬಂತು. ‘ವರ್ಷಪೂರ್ತಿ ಮಗು ನಿಮ್ಮ ಆರೈಕೆಯಲ್ಲಿತ್ತು.’ ಮೆರೆಯಾನಾ ಅದನ್ನೂ ಎರಡು ಸಲ ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕಾಹು ತುದಿಗಾಲಲ್ಲಿ ನಿಂತು ಬೆರಳಿಟ್ಟು ಓದಿದಳು.

“ನ್ಯಾನ್, ನನ್ನ ಮನೆ ಹ್ಯಾಮಿಲ್ಟನ್ ಅಂತ ಬರೆದಿದ್ದಾರೆ.”

“ಶಾಲೆ ಇರೋ ದಿನ ಹೌದು,” ಎಂದಳು ಮೆರೆಯಾನಾ. “ಪಾತ್ರೆ ಹಾಗೇ ಇದೆ, ಬಾ.”