ಮೂವತ್ತನಾಲ್ಕನೆಯ ಕೊಕ್ಕೆ

ಪೈಲಟ್ ಅಪ್ಪಚ್ಚು ಸಾಹೇಬರು ಹೆಲಿಕಾಪ್ಟರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂತಿರುಗಿ ನಕ್ಕರು. "ಚಿದಂಬರ್ ಅವರೇ, ನೀವು ಮುಟ್ಟಿದ ಮೇಲೆ ನಾನು ಕಣ್ಮುಚ್ಚಿ ಹತ್ತಬಹುದು, ಅಲ್ವಾ?"

ಚಿದಂಬರನಿಗೆ ನಗು ಬರಲಿಲ್ಲ. ನಾಲ್ಕು ದಿನಗಳಿಂದ ಅವನು ಒಂದು ಮಾತು ಮುಚ್ಚಿಟ್ಟಿದ್ದ.

ನಾಗಪುರದ ಹತ್ತಿರ, ಬುಟಿಬೋರಿಯಾಚೆಯ ಶೆಡ್ಡಿನಲ್ಲಿ ಆರು ವರ್ಷ ಬೆವರು ಸುರಿಸಿ ಕಟ್ಟಿದ ಯುದ್ಧ ಹೆಲಿಕಾಪ್ಟರು ಅಂದು ಮೊದಲ ಸಲ ನೆಲ ಬಿಡುವುದಿತ್ತು. ದಿಲ್ಲಿಯಿಂದ ಬಂದವರು ಶಾಮಿಯಾನದ ಕೆಳಗೆ ಚಹಾ ಕುಡಿಯುತ್ತಿದ್ದರು. ಗದಗಿನ ಚಿದಂಬರ ಇಲ್ಲಿನ ಹಿರಿಯ ಮೆಕ್ಯಾನಿಕ್. ಹೊಸಬರಿಗೆಲ್ಲ ಅವನ ಮೊದಲ ಪಾಠ ಒಂದೇ: ಹಲಗೆಯ ಕೊಕ್ಕೆಯಿಂದ ಹತಾರ ತೆಗೆದರೆ ಆ ಕೊಕ್ಕೆಗೆ ನಿನ್ನ ನಂಬರಿನ ಹಿತ್ತಾಳೆ ಬಿಲ್ಲೆ ಹಾಕು. ಸಂಜೆ ಕೊಕ್ಕೆಯಲ್ಲಿ ಬಿಲ್ಲೆ ಉಳಿದರೆ ಹತಾರ ಯಂತ್ರದೊಳಗೆ ಉಳಿದಿದೆ ಅಂತ ತಿಳಿ. ಅದು ಸಿಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ.

ಸೋಮವಾರ ಸಂಜೆ ಉಳಿದದ್ದು ಅವನದೇ ಬಿಲ್ಲೆ. ಮೂವತ್ತನಾಲ್ಕನೆಯ ಕೊಕ್ಕೆಯ ಸಣ್ಣ ಸ್ಪ್ಯಾನರ್ ಇರಲಿಲ್ಲ. ಬಾಯಿಬಿಟ್ಟರೆ ಯಂತ್ರ ಬಿಚ್ಚಬೇಕು, ಹಾರಾಟ ಮುಂದಕ್ಕೆ ಹೋಗಬೇಕು, ಅದೂ ಅವನ ಹೆಸರಿನಲ್ಲಿ! ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಅವನು ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಎಲ್ಲಾ ಬರೋಬರ್ ಐತಿ, ಸಹಿ ಮಾಡವ್ವಾ," ಎಂದು ತನ್ನ ಸಹಿಯಿದ್ದ ಕಾಗದ ಮುಂದಿಟ್ಟ.

ತಪಾಸಣೆಯ ತನ್ವಿ ಹುಬ್ಬಳ್ಳಿ ಮನೆತನದವಳು, ಹುಟ್ಟಿ ಬೆಳೆದದ್ದು ನಾಗಪುರದಲ್ಲಿ. ಸಂಜೆ ಹತಾರ ಎಣಿಸಬೇಕಾದವಳು ಅವಳೇ. ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. "ಕಾಕಾ, ನೀವ್ ಹೇಳಿದ್ರ ಮುಗೀತು," ಎಂದು ಸಹಿ ಹಾಕಿದಳು.

ಅಂದೇ ಅವನು ಇತವಾರಿ ಪೇಟೆಗೆ ಹೋಗಿ ಅಂಥದೇ ಸ್ಪ್ಯಾನರ್ ಕೊಂಡ. ಮನೆಯಲ್ಲಿ ಕೂತು ಅದರ ಮೇಲೆ ೩೪ ಎಂದು ಕೊರೆದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೊಕ್ಕೆಗೆ ಹಾಕಿದ. ಹಳೆಯದು ಶೆಡ್ಡಿನಲ್ಲೇ ಎಲ್ಲೋ ಬಿದ್ದಿರಬೇಕು ಎಂದು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡ. ಮೂಲೆಮೂಲೆ ಹುಡುಕಿದ, ಸಿಗಲಿಲ್ಲ.

ಸಾಹೇಬರು ಎರಡನೆಯ ಕಾಲನ್ನೂ ಎತ್ತಿದರು.

"ಇಳೀರಿ ಸಾಹೇಬ್ರ!" ಚಿದಂಬರನ ದನಿ ಒಡೆಯಿತು. "ಹತ್ತಬ್ಯಾಡ್ರಿ. ಒಳಗ ನಂದೊಂದು ಸ್ಪ್ಯಾನರ್ ಉಳದೈತಿ ಅನಸ್ತೈತಿ. ಸೋಮವಾರದಿಂದ ಇಲ್ಲ ಅದು. ಸುಳ್ಳ ಹೇಳೀನ್ರಿ ನಾ."

ಶಾಮಿಯಾನದಲ್ಲಿ ಕಪ್ಪುಗಳು ಕೈಯಲ್ಲೇ ನಿಂತವು. ತನ್ವಿಯ ಮುಖ ಬಿಳಿಚಿಕೊಂಡಿತು.

ಮೂರು ಗಂಟೆ ಹುಡುಕಿದರು. ಅದು ಪೈಲಟ್ ಕಾಲಿಡುವ ಪೆಡಲಿನ ಹಿಂದೆ, ಸರಳಿನ ಪಕ್ಕ ಅಡಗಿ ಕೂತಿತ್ತು. ಇನ್ನೊಂದು ಬೆರಳಷ್ಟು ಜರುಗಿದ್ದರೆ ಪೆಡಲು ಒತ್ತಿದಲ್ಲೇ ಕಚ್ಚಿಕೊಳ್ಳುತ್ತಿತ್ತು. ಅಪ್ಪಚ್ಚು ಅದನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಿದಂಬರನ ಕೈ ಹಿಡಿದು, "ಹೇಳಿದ್ರಲ್ಲ, ಥ್ಯಾಂಕ್ಸ್," ಎಂದು ಹೋಗಿಬಿಟ್ಟರು. ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮ್ಯಾನೇಜರ್ ಬಂದು, ಸಹಿ ಇಬ್ಬರದೂ ಇದೆ, ವಿಚಾರಣೆ ಇಬ್ಬರಿಗೂ ಎಂದು ಹೇಳಿ ಹೋದರು.

ಶೆಡ್ಡು ಖಾಲಿಯಾಯಿತು. ತನ್ವಿ ಎರಡು ಸ್ಪ್ಯಾನರುಗಳನ್ನೂ ತಂದು ಮೇಜಿನ ಮೇಲೆ ಜೋಡಿಸಿಟ್ಟಳು. ಎರಡರ ಮೇಲೂ ೩೪. ಅವನು ಕೊರೆದದ್ದೇ ಹೆಚ್ಚು ಅಚ್ಚುಕಟ್ಟಾಗಿತ್ತು.

"ತನ್ವಿ, ನಿನ್ನ ತಪ್ಪಿಲ್ಲಂತ ಬರದ ಕೊಡ್ತೀನವಾ..."

"ಇದ್ರಾಗ ನಮ್ದು ಯಾವ್ದು, ಸರ್?"

ಕಾಕಾ ಎನ್ನಲಿಲ್ಲ. ಚಿದಂಬರ ತಲೆ ತಗ್ಗಿಸಿ ಬೆರಳು ಮಾಡಿ ತೋರಿಸಿದ. ಅವಳು ಅದನ್ನು ಒರೆಸಿ ಕೊಕ್ಕೆಗೆ ಹಾಕಿದಳು. ಮತ್ತೆ ಹಲಗೆಯ ಮೊದಲ ಕೊಕ್ಕೆಗೆ ಬಂದು, ಅವನೇ ಕಲಿಸಿದ್ದಂತೆ ಒಂದೊಂದು ಹತಾರವನ್ನೂ ಬೆರಳಿನಿಂದ ಮುಟ್ಟುತ್ತ ಗಟ್ಟಿಯಾಗಿ ಎಣಿಸತೊಡಗಿದಳು. "ಏಕ್, ದೋನ್, ತೀನ್..."

ಅವಳು ಮುಗಿಸುವ ತನಕ ಅವನು ಕೈಕಟ್ಟಿ ನಿಂತಿದ್ದ.